ಹಂಬರ್ ಗಾಡಿಯಲ್ಲಿ ಮಧ್ಯಾಹ್ನದ ಪೂಜೆ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದು ಹೇಳುವುದು ಸುಲಭ. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದಿದ್ದೇನೆ, ಅದರಲ್ಲಿ ಹನ್ನೆರಡು ವರ್ಷ ಗ್ರಾನೈಟ್ ಕಲ್ಲು ಹೊರುವ ಲಾರಿ. ಆದರೂ ಇವತ್ತಿಗೂ ಕೀಲಿ ತಿರುಗಿಸುವ ಮುಂಚೆ ನಾಲ್ಕೂ ಗಾಲಿ ಒದ್ದು ನೋಡುತ್ತೇನೆ, ಬಗ್ಗಿ ಕೆಳಗೆ ಎಣ್ಣೆ ಸೋರಿದೆಯೇ ಎಂದು ನೋಡುತ್ತೇನೆ, ಆಮೇಲೆ ನಮ್ಮ ಮನೆದೇವರು ಬೀರಪ್ಪನಿಗೆ ಒಂದು ಕೈ ಮುಗಿಯುತ್ತೇನೆ. ಇಲಕಲ್ಲಿನಲ್ಲಿ ನನ್ನ ಹೆಸರು ಹಣಮಪ್ಪ ಎಂದು ಬಹಳ ಮಂದಿಗೆ ಗೊತ್ತಿಲ್ಲ, "ಗಾಲಿ ಒದಿಯಾಂವ" ಎಂದರೆ ಗೊತ್ತು. ಕರೆಯಲಿ. ಒದ್ದು ನೋಡಿದ್ದಕ್ಕೇ ಇಷ್ಟು ದಿನ ಬದುಕಿದ್ದೇನೆ ಎಂದುಕೊಂಡಿದ್ದೆ. ಹೋದ ಯುಗಾದಿ ಅಮವಾಸ್ಯೆಯ ದಿನ ಮಾತ್ರ, ನೋಡಿಯೂ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಗಾಡಿ ಹೊಡೆಯುವುದು ಶಂಕರಲಿಂಗ ಸಾವಕಾರರ ಮನೆಯಲ್ಲಿ. ಅವರದು ಇಲಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ. ಅವರ ತಾಯಿ ಶಿವಬಸವ್ವನವರಿಗೆ ಎಂಬತ್ತೊಂದು ವರ್ಷ. ಅಮವಾಸ್ಯೆ ಬಂತೆಂದರೆ ಅವರು ಬಾದಾಮಿ ಹತ್ತಿರದ ಶಿವಯೋಗ ಮಂದಿರಕ್ಕೆ ಹೋಗಿ ಬರಲೇಬೇಕು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರಿಗೆ ಯಾವ ಕಾರೂ ಒಗ್ಗುತ್ತಿರಲಿಲ್ಲ. ಮನೆಯ ದೊಡ್ಡ ಗಾಡಿಗೆ ಏಣಿ ಇಟ್ಟು ಹತ್ತಿಸಬೇಕು, ಸೊಸೆಯ ಸಣ್ಣ ಕಾರಿನೊಳಗೆ ಮಡಚಿ ತೂರಿಸಬೇಕು. ಎರಡರಲ್ಲೂ ಅವರ ಬೈಗುಳ ತಿನ್ನುವವನು ನಾನು.

ಅದೂ ಹೋಗಲಿ, ಅವರದು ದಿನಕ್ಕೆ ಮೂರು ಹೊತ್ತು ಲಿಂಗಪೂಜೆ. ಕೊರಳಲ್ಲಿನ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡಗೈ ಅಂಗೈಯಲ್ಲಿಟ್ಟು, ಅದರ ಮೇಲೊಂದು ಬಿಲ್ವಪತ್ರೆ ಏರಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಅರ್ಧ ತಾಸು ಅದನ್ನೇ ನೋಡುತ್ತ ಕೂಡುತ್ತಾರೆ. ಅಮವಾಸ್ಯೆಯ ದಿನ ಮಧ್ಯಾಹ್ನದ ಪೂಜೆಯ ಹೊತ್ತು ದಾರಿಯಲ್ಲೇ ಬರುತ್ತಿತ್ತು. ಗಾಡಿ ನಿಲ್ಲಿಸೋಣ ಎಂದರೆ ಒಪ್ಪುತ್ತಿರಲಿಲ್ಲ. "ಬಿಸಲಾಗ ತಗಡಿನ ಡಬ್ಬಿಯೊಳಗ ನನ್ನ ಕುದಸ್ತಿ ಏನ? ನಿಂತ ಗಾಡಿ ನೋಡಿದ್ರ ಹೋಗೋರು ಬರೋರೆಲ್ಲಾ ಏನಾತ್ರೀ ಏನಾತ್ರೀ ಅಂತ ಬಂದ ಹಣಿಕಿ ಹಾಕ್ತಾರ. ಗಾಡಿ ನಡೀಲಿ, ಗಾಳಿ ಬರ್ತದ," ಎನ್ನುತ್ತಿದ್ದರು. ಆದರೆ ನಡೆಯುವ ಗಾಡಿಯಲ್ಲಿ ಕೈ ಕುಲುಕುತ್ತದೆ ಎಂದು ಲಿಂಗ ಹೊರಗೆ ತೆಗೆಯಲು ಧೈರ್ಯ ಸಾಲದೆ, ಆ ಹೊತ್ತಿನ ಪೂಜೆ ತಪ್ಪಿತೆಂದು ಮರುದಿನ ಇಡೀ ಉಪವಾಸ ಮಾಡುತ್ತಿದ್ದರು.

ಧೈರ್ಯ ಸಾಲದ್ದಕ್ಕೆ ಕಾರಣವಿತ್ತು. ಅದನ್ನು ಅವರು ನನಗೆ ಒಂದು ಸಲವಲ್ಲ, ಹತ್ತು ಸಲ ಹೇಳಿದ್ದರು. "ನಮ್ಮ ಸೋದರತ್ತಿ ಲಿಂಗ ಚಕ್ಕಡ್ಯಾಗಿಂದ ನೆಲಕ್ಕ ಬಿತ್ತು, ಹಣಮಪ್ಪ. ಸ್ವಾಮ್ಯಾರು ಮತ್ತ ಕಟ್ಟತೇವಿ ಅಂದ್ರು. ಆಕಿ ಕೇಳಲಿಲ್ಲ. ಅನ್ನಾ ಬಿಟ್ಲು. ಹದಿನೇಳ ದಿನಾ ಅಷ್ಟ. ನಂದೂ ಬಿತ್ತಂದ್ರ ನಾನೂ ಹಂಗ. ಯಾರ ಬಂದ ಕಾಲ ಹಿಡಿದ್ರೂ ಕೇಳಾಕಿ ಅಲ್ಲ." ಶಿವಬಸವ್ವನವರು ಹೇಳಿದರೆ ಹೇಳಿದ್ದೇ. ಸೊಂಟದ ಆಪರೇಷನ್ನಿಗೆ ಕರಡಿಗೆ ಬಿಚ್ಚಿಡಿ ಎಂದ ಡಾಕ್ಟರಿಗೆ, ಹಾಗಾದರೆ ಸೊಂಟ ಮುರಿದೇ ಇರಲಿ ಎಂದು ಹೇಳಿ, ಕೊನೆಗೆ ಅಂಗೈಗೆ ಕಟ್ಟಿಸಿಕೊಂಡೇ ಒಳಗೆ ಹೋದವರು.

ಹೀಗಿರುವಾಗ ಸಾವಕಾರರು ಮೊಬೈಲಿನಲ್ಲಿ ಹಳೆಯ ಇಂಗ್ಲಿಷ್ ಕಾರುಗಳ ವಿಡಿಯೊ ನೋಡುವ ಹುಚ್ಚು ಹಚ್ಚಿಕೊಂಡರು. ಆ ಕಾಲದ ದೊಡ್ಡ ಕಾರುಗಳಲ್ಲಿ ಬಾಗಿಲು ಬೀರುವಿನಷ್ಟು ಅಗಲ, ಸೀಟು ಕುರ್ಚಿಯಷ್ಟು ಎತ್ತರ, ಅವ್ವ ಬಗ್ಗಬೇಕಾಗಿಲ್ಲ, ಹತ್ತಬೇಕಾಗಿಲ್ಲ ಎಂದು ಅವರ ಲೆಕ್ಕ. ಬಾಗಲಕೋಟೆಯ ನವನಗರದಲ್ಲಿ ರಾಜಕುಮಾರ ಎಂಬುವನೊಬ್ಬ ಇಂಥ ಗಾಡಿಗಳನ್ನು ತಂದು, ತಿಕ್ಕಿ ತೊಳೆದು, ಬಣ್ಣ ಬಳಿದು ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದ, ಗಿರಾಕಿ ಸಿಕ್ಕರೆ ಮಾರುತ್ತಲೂ ಇದ್ದ. ಅವನ ಹತ್ತಿರ ಎರಡು ಗಾಡಿ ಇದ್ದವು. ಒಂದು ಹಸಿರು ಜಾಗ್ವಾರ್, ಇನ್ನೊಂದು ಕರಿಯ ಹಂಬರ್. ಎರಡಕ್ಕೂ ನನಗಿಂತ ವಯಸ್ಸು ಜಾಸ್ತಿ. ಅಮವಾಸ್ಯೆಯ ದಿನ ನಸುಕಿನಲ್ಲೇ ಎರಡನ್ನೂ ಇಲಕಲ್ಲಿಗೆ ತರಿಸಿ ಅಂಗಳದಲ್ಲಿ ನಿಲ್ಲಿಸಿದ. ಹೋಗುವಾಗ ಒಂದರಲ್ಲಿ, ಬರುವಾಗ ಒಂದರಲ್ಲಿ, ಅವ್ವ ಯಾವುದಕ್ಕೆ ಹೂಂ ಅನ್ನುತ್ತಾರೋ ಅದನ್ನು ಕೊಳ್ಳುವುದೆಂದು ಮಾತಾಯಿತು.

ನಿಜ ಹೇಳಬೇಕೆಂದರೆ ಎರಡೂ ಚಂದದ ಗಾಡಿಗಳೇ. ಜಾಗ್ವಾರಿನೊಳಗೆ ಮುಂದಿನ ಸೀಟಿನ ಬೆನ್ನಿಗೆ ಮಡಚುವ ಮರದ ಪುಟ್ಟ ಮೇಜು, ಕೆಂಪು ಚರ್ಮದ ಸೀಟು. ಎಂಜಿನ್ನಿನಲ್ಲಿ ಹುಲಿಯ ಬಲ, ಕಾಲಿಟ್ಟರೆ ಸಾಕು ಓಡುತ್ತದೆ. ಆದರೆ ಹಿಂದಿನ ಸೀಟು ತಗ್ಗು. ಹಂಬರ್ ಮುದುಕ ಗೌಡನ ಹಾಗೆ, ಅವಸರವಿಲ್ಲ. ಸೀಟೆಂದರೆ ಥೇಟ್ ದಿವಾನ, ಅದರ ಮೇಲೆ ಕಾಲು ಮಡಚಿ ಚಕ್ಕಳಬಕ್ಕಳ ಹಾಕಿ ಕೂಡಬಹುದು. ಪೆಟ್ರೋಲಿನ ವಿಷಯಕ್ಕೆ ಬಂದರೆ ಎರಡೂ ಕುಡುಕ ನನ್ನ ಮಕ್ಕಳೇ, ಲೀಟರಿಗೆ ಐದಾರು ಕಿಲೋಮೀಟರಿನ ಮೇಲೆ ಹೋಗುವುದಿಲ್ಲ. ವ್ಯತ್ಯಾಸವಿದ್ದದ್ದು ರಿಪೇರಿಯ ಖರ್ಚಿನಲ್ಲಿ. ಅದನ್ನು ಸಾವಕಾರರು ಕೇಳಿದಾಗ ರಾಜಕುಮಾರ ಎದೆ ಉಬ್ಬಿಸಿ ಹೇಳಿದ.

"ಜಾಗ್ವಾರಿಗಿ ಸಾಮಾನ ಸಿಗತಾವ್ರಿ, ಹೊರದೇಶದಿಂದ ತರಸಬೇಕು, ರೊಕ್ಕಾ ಭಾಳ. ಹಂಬರಿಗಿ ಸಿಗೂದ ಇಲ್ರಿ. ಹಂಗಂತ ಚಿಂತಿ ಬ್ಯಾಡ. ಈಗ ನೋಡ್ರಿ, ಇದರ ಬ್ರೇಕಿನ ರಬ್ಬರ್ ವಾಶರ್ ಹೋಗಿದ್ವು. ನಾನ ಬ್ಯಾರೆ ಗಾಡಿ ವಾಶರ್ ತಂದು, ಕೊರದು, ಕುಂದ್ರಿಸೇನಿ. ಖರ್ಚ ನೂರಾ ಎಂಬತ್ತು. ಹಿಂಗ ನಡಿಸಿದ್ರ ಹಂಬರ್ ಸಾಕೂದು ಆಕಳಾ ಸಾಕಿದಕ್ಕಿಂತ ಅಗ್ಗ."

ಬ್ರೇಕಿನ ರಬ್ಬರ್ ಕೊರೆದು ಕೂರಿಸಿದ್ದೇನೆ ಎಂಬ ಮಾತು ನನಗೆ ಸರಿಬರಲಿಲ್ಲ. ಮೆಲ್ಲಗೆ ಹೋಗಿ ಹಂಬರಿನೊಳಗೆ ಕುಳಿತು ಬ್ರೇಕ್ ಒತ್ತಿದೆ. ಪೆಡಲ್ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಿತ್ತು. ಎರಡನೆಯ ಸಲ ಒತ್ತಿದೆ, ಗಟ್ಟಿಯಾಯಿತು. ಕೆಳಗೆ ಬಗ್ಗಿ ನೋಡಿದೆ, ಎಣ್ಣೆಯ ಹನಿ ಕಾಣಲಿಲ್ಲ. ಸಾವಕಾರರ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಅವರೇ ನಕ್ಕರು. "ನೋಡಪಾ ರಾಜಕುಮಾರ, ನಮ್ಮ ಹಣಮಪ್ಪಗ ವಿಮಾನ ಕೊಡಸಿದ್ರೂ ಮೊದಲ ಅದರ ಗಾಲಿ ಒದಿತಾನ." ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೆಯ ಸಲಕ್ಕೆ ಗಟ್ಟಿಯಾಗುತ್ತದಲ್ಲ, ಅಷ್ಟು ಸಾಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಹೋಗುವಾಗ ಶಿವಬಸವ್ವನವರನ್ನು ಜಾಗ್ವಾರಿನಲ್ಲಿ ಕೂರಿಸಿಕೊಂಡು ನಾನು ಹೊಡೆದೆ. ಸಾವಕಾರರು ರಾಜಕುಮಾರನ ಜೊತೆ ಹಂಬರಿನಲ್ಲಿ ಹಿಂದೆ ಬಂದರು. ಅವ್ವ ಲಿಂಗ ತೆಗೆಯಲಿಲ್ಲ, ಬರೀ ಅಂಗೈ ಮೇಲೆ ಒಂದು ಬಿಲ್ವಪತ್ರೆ ಇಟ್ಟುಕೊಂಡು ಪರೀಕ್ಷೆ ಮಾಡುತ್ತ ಬಂದರು. ಹುನಗುಂದದ ಕೋರ್ಟಿನ ಮುಂದಿನ ಉಬ್ಬಿನಲ್ಲಿ ಒಂದು ಸಲ ಬಿತ್ತು. ಅಮೀನಗಡದಲ್ಲಿ ಬಸ್ಸೊಂದು ಅಡ್ಡ ಬಂದು ಬ್ರೇಕ್ ಹಾಕಿದಾಗ ಇನ್ನೊಂದು ಸಲ ಬಿತ್ತು. ಶಿವಯೋಗ ಮಂದಿರದ ಮುಂದೆ ಇಳಿಸುವಾಗ ನಾಲ್ಕು ಮಂದಿ ಹಿಡಿದೆತ್ತಬೇಕಾಯಿತು. "ಬಾವ್ಯಾಗ ಕುಂತಂಗ ಆಗ್ತದ. ಇದು ಹುಡುಗರ ಗಾಡಿ. ನನಗ ಬ್ಯಾಡ," ಎಂದರು. ಅಲ್ಲಿಗೆ ಜಾಗ್ವಾರಿನ ಕಥೆ ಮುಗಿಯಿತು.

ಮರಳಿ ಬರುವಾಗ ಹಂಬರ್. ರಾಜಕುಮಾರ ಕೀಲಿ ಕೊಡುತ್ತ, "ಮೀಟರ್ ಮೈಲಿ ಲೆಕ್ಕದ್ದೈತಿ, ನೆನಪಿರ್ಲಿ," ಎಂದ. ನಾನು ತಲೆಯಾಡಿಸಿದೆ. ಬ್ರೇಕ್ ಎರಡು ಸಲ ಒತ್ತಿದೆ, ಗಟ್ಟಿಯಾಗಿತ್ತು. ಬೀರಪ್ಪನಿಗೆ ಎರಡು ಸಲ ಕೈ ಮುಗಿದೆ. ಪಟ್ಟದಕಲ್ಲಿನಲ್ಲಿ ಸಾವಕಾರರು ಎಳನೀರಿಗೆ ನಿಂತರು. ಅವ್ವ ನಿಲ್ಲಲಿಲ್ಲ. "ಹೊತ್ತಾತು. ನೀ ನಡಿ ಹಣಮಪ್ಪ, ಅವರು ಬರ್ತಾರ," ಎಂದರು. ಗಾಡಿಯೊಳಗೆ ನಾವಿಬ್ಬರೇ ಉಳಿದೆವು.

ಊರು ದಾಟಿದ ಮೇಲೆ ಅವರು ದಿವಾನದಂಥ ಆ ಸೀಟಿನಲ್ಲಿ ಕಾಲು ಮಡಚಿ ಕುಳಿತರು. ಮೊದಲು ಬರೀ ಪತ್ರೆ ಇಟ್ಟು ನೋಡಿದರು. ಎರಡು ಮೈಲಿ ಅದು ಅಲುಗಲಿಲ್ಲ. ಕನ್ನಡಿಯಲ್ಲಿ ಅವರ ಮುಖ ಅರಳಿದ್ದು ಕಂಡಿತು. "ಇದರಾಗ ಆಗ್ತದ," ಎಂದು ಕರಡಿಗೆ ಬಿಚ್ಚಿದರು. "ನಾ ಲಿಂಗ ಒಳಗ ಇಡೂ ತನಕ ಮಾತಾಡಿಸಬ್ಯಾಡ. ನಡುವ ಬಿಟ್ಟ ಏಳಾಕ ಬರೂದಿಲ್ಲ." ನಾನು ಹೂಂ ಎಂದೆ. ಅವರು ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣಿನ ಮುಂದೆ ಹಿಡಿದರು. ಇಷ್ಟೇ ಇಷ್ಟು, ನೇರಳೆ ಹಣ್ಣಿಗಿಂತ ಸ್ವಲ್ಪ ದೊಡ್ಡದು, ಕರ್ರಗೆ ಮಿಂಚುತ್ತಿತ್ತು. ಅದರ ಮೇಲೆ ಒಂದು ಪತ್ರೆ.

ಐಹೊಳೆ ಇನ್ನೂ ಮುಂದಿರುವಾಗ ರಸ್ತೆ ಒಂದು ದಿನ್ನೆ ಹತ್ತಿ ಉದ್ದಕ್ಕೆ ಇಳಿಯುತ್ತದೆ. ಕೆಳಗೆ ಒಂದು ಹಳ್ಳದ ಸಣ್ಣ ಸೇತುವೆ, ಅದರಾಚೆ ಮತ್ತೆ ಏರು. ಇಳಿಜಾರು ಶುರುವಾದಾಗ ವೇಗ ಸ್ವಲ್ಪ ಮುರಿಯೋಣ ಎಂದು ಬ್ರೇಕಿನ ಮೇಲೆ ಕಾಲಿಟ್ಟೆ. ಪೆಡಲ್ ನೆಲಕ್ಕೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ನೆಲಕ್ಕೆ. ಮೂರನೆಯ ಸಲ ಒತ್ತಿದಾಗ ಅಲ್ಲಿ ಏನೂ ಇರಲಿಲ್ಲ, ಗಾಳಿಯನ್ನು ತುಳಿದ ಹಾಗಾಯಿತು.

ಮೀಟರ್ ನೋಡಿದೆ, ನಲವತ್ತು. ನಲವತ್ತೇ ತಾನೇ ಎಂದು ಒಂದು ಕ್ಷಣ ಉಸಿರು ಬಿಟ್ಟೆ. ಆಮೇಲೆ ಮೈಲಿ ಲೆಕ್ಕ ನೆನಪಾಯಿತು. ನಾನು ನಿಧಾನ ಹೊಡೆಯುತ್ತಿದ್ದೇನೆ ಎಂದುಕೊಂಡು ಅಷ್ಟು ಹೊತ್ತೂ ಅರವತ್ತರ ಮೇಲೆ ಬಂದಿದ್ದೆ. ಗಾಡಿ ಅಷ್ಟು ಮೆತ್ತಗೆ ನಡೆಯುತ್ತಿತ್ತು, ಗೊತ್ತೇ ಆಗಿರಲಿಲ್ಲ.

"ಅವ್ವಾರ," ಎಂದೆ. ಅವರು ಲಿಂಗದಿಂದ ಕಣ್ಣು ತೆಗೆಯದೆ ಬಲಗೈಯ ಒಂದು ಬೆರಳೆತ್ತಿದರು. ಸುಮ್ಮನಿರು ಎಂದು.

ಕೂಗಿ ಹೇಳಬಹುದಿತ್ತು. ಹೇಳಿದರೆ ಅವರು ಬೆಚ್ಚುತ್ತಾರೆ, ಕೈ ನಡುಗುತ್ತದೆ, ಲಿಂಗ ಉರುಳುತ್ತದೆ. ಗಾಡಿಯಿಂದ ಬದುಕಿ ಬಂದರೂ ಹದಿನೇಳು ದಿನದಲ್ಲಿ ಅವರು ಹೋಗುತ್ತಾರೆ. ಹೇಳದಿದ್ದರೆ ಗಾಡಿ ಹಳ್ಳಕ್ಕೆ ಹೋಗುತ್ತದೆ, ಇಬ್ಬರೂ ಹೋಗುತ್ತೇವೆ. ನನಗೆ ಅಳು ಬಂತು. ಇದನ್ನು ಹೇಳಲು ನಾಚಿಕೆಯಿಲ್ಲ, ಸ್ಟೀರಿಂಗ್ ಹಿಡಿದುಕೊಂಡೇ ಅತ್ತೆ, ಸದ್ದು ಮಾತ್ರ ಮಾಡಲಿಲ್ಲ.

ಹ್ಯಾಂಡ್‌ಬ್ರೇಕಿನ ಹಿಡಿಕೆಗೆ ಕೈ ಹಾಕಿ ಸ್ವಲ್ಪ ಎಳೆದೆ. ಗಾಡಿ ಒಮ್ಮೆ ಮುಗ್ಗರಿಸಿದ ಹಾಗೆ ಜಗ್ಗಿತು. ಕನ್ನಡಿಯಲ್ಲಿ ಪತ್ರೆ ಜಾರಿ ಲಿಂಗದ ಅಂಚಿಗೆ ಬಂದದ್ದು ಕಂಡಿತು. ತಟ್ಟನೆ ಬಿಟ್ಟುಬಿಟ್ಟೆ. ಉಳಿದದ್ದು ಗೇರ್ ಒಂದೇ. ಈ ಗಾಡಿಯಲ್ಲಿ ಗೇರಿನ ಹಿಡಿಕೆ ಸ್ಟೀರಿಂಗಿನ ಕೊರಳಿಗೇ ಇರುತ್ತದೆ. ಕೆಳಗಿನ ಗೇರಿಗೆ ಒರಟಾಗಿ ಹಾಕಿದರೆ ಅದೂ ಜಗ್ಗುತ್ತದೆ. ಹಳೆಯ ಲಾರಿಯಲ್ಲಿ ನನ್ನ ಉಸ್ತಾದ ಕಲಿಸಿದ್ದು ನೆನಪು ಮಾಡಿಕೊಂಡೆ. ಕ್ಲಚ್ ಒತ್ತು, ಗೇರ್ ನಡುವಿಗೆ ತಾ, ಕ್ಲಚ್ ಬಿಡು, ಎಂಜಿನ್ನಿಗೆ ಸ್ವಲ್ಪ ಉಸಿರು ಕೊಡು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕು. ತೊಡೆಯನ್ನು ಎಡಗೈಯಿಂದ ಒಮ್ಮೆ ಜೋರಾಗಿ ಚಿವುಟಿಕೊಂಡು ಆ ಕೆಲಸ ಮಾಡಿದೆ. ಗೇರ್ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಎಂಜಿನ್ ದೊಡ್ಡದಾಗಿ ಗುರುಗುಟ್ಟಿತು. ಸೂಜಿ ಮೂವತ್ತೈದಕ್ಕೆ, ಮೂವತ್ತಕ್ಕೆ ಇಳಿಯಿತು. ಪತ್ರೆ ಅಂಚಿನಲ್ಲೇ ನಿಂತಿತ್ತು.

ಆಗ ಕುರಿಗಳು ಕಂಡವು. ಸೇತುವೆಯ ಮೇಲೆ, ರಸ್ತೆಯ ತುಂಬ, ನೂರಕ್ಕೆ ಕಡಿಮೆಯಿಲ್ಲ. ಕುರಿಗಾರ ಹಳ್ಳದ ಕಡೆ ಮುಖ ಮಾಡಿ ನಿಂತಿದ್ದ.

ಹಾರ್ನ್ ಬಾರಿಸುವ ಹಾಗಿರಲಿಲ್ಲ. ಬೆಳಿಗ್ಗೆ ರಾಜಕುಮಾರ ಅದನ್ನು ಬಾರಿಸಿ ತೋರಿಸಿದಾಗ ಓಣಿಯ ನಾಯಿಗಳೆಲ್ಲ ಎದ್ದು ಓಡಿದ್ದವು. ಅವ್ವ ಸೀಟಿನಿಂದ ಹಾರುವುದು ಖಂಡಿತ. ನಾನು ಹಾಲುಮತದವನು, ಕುರಿ ಕಾಯ್ದೇ ಹದಿನಾರು ವರ್ಷದವನಾದವನು. ಹಿಂಡಿಗೆ ದಾರಿ ಬಿಡಿಸುವ ಸಿಳ್ಳೆ ನಮ್ಮಲ್ಲಿ ಎಲ್ಲರಿಗೂ ಬರುತ್ತದೆ, ಎಳೆದ ಹಾಗೆ ಶುರುವಾಗಿ ಮೆಲ್ಲಗೆ ಮೇಲೇರುತ್ತದೆ, ಯಾರನ್ನೂ ಬೆಚ್ಚಿಸುವುದಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ತುಟಿ ಮಡಚಿ ಊದಿದೆ. ಬರೀ ಗಾಳಿ ಬಂತು. ಹೆದರಿಕೆಗೆ ಬಾಯೆಲ್ಲ ಒಣಗಿ ಹೋಗಿತ್ತು. ನಾಲಿಗೆ ಕಚ್ಚಿಕೊಂಡೆ, ಉಪ್ಪುಪ್ಪಾಗಿ ಸ್ವಲ್ಪ ಹಸಿಯಾಯಿತು. ಮತ್ತೆ ಊದಿದೆ. ಈ ಸಲ ಬಂತು.

ಕುರಿಗಾರ ತಿರುಗಿದ. ಒಂದು ಕ್ಷಣ ಅವನಿಗೂ ಅರ್ಥವಾಗಲಿಲ್ಲ, ಕರಿಯ ದೊಡ್ಡ ಕಾರೊಂದು ಕುರುಬರ ಸಿಳ್ಳೆ ಹಾಕುತ್ತ ಬರುತ್ತಿದೆ. ಆಮೇಲೆ ಕೋಲು ಬೀಸಿ ಓಡಿದ. ಹಿಂಡು ನಡುವಿನಿಂದ ಒಡೆದು ಎರಡೂ ಬದಿಗೆ ಒತ್ತಿತು. ಎರಡೂ ಕಡೆಯ ಬಾಗಿಲಿಗೆ ಉಣ್ಣೆ ಸವರುತ್ತ ಗಾಡಿ ಸೇತುವೆ ದಾಟಿತು. ಒಂದು ಮರಿಯ ಕೂಗು ಕೇಳಿತು, ಆದರೆ ಗಾಲಿಗೆ ಏನೂ ತಾಗಲಿಲ್ಲ.

ಆಚೆಯ ಏರು ನಮ್ಮನ್ನು ಉಳಿಸಿತು. ಗಾಡಿ ತಾನಾಗಿಯೇ ಸೋಲತೊಡಗಿತು. ಇಪ್ಪತ್ತು, ಹತ್ತು, ಐದು. ಇನ್ನೇನು ಹಿಂದಕ್ಕೆ ಸರಿಯಬೇಕು ಎನ್ನುವ ಆ ಒಂದು ಗಳಿಗೆಗೆ ಹ್ಯಾಂಡ್‌ಬ್ರೇಕನ್ನು ಹಲ್ಲು ಹಲ್ಲಾಗಿ ಎಳೆದೆ. ನಿಂತಿತು. ನಿಂತದ್ದು ನನಗೇ ಗೊತ್ತಾಗದಷ್ಟು ಮೆತ್ತಗೆ ನಿಂತಿತು. ಹಿಂದಿನಿಂದ ಕುರಿಗಾರ ಏದುಸಿರು ಬಿಡುತ್ತ ಬಂದ. ಬಿಳಿ ಮೀಸೆಯ ಮುದುಕ. "ಯಾವನಲೇ ಅಂವಾ, ಕಾರಿನಾಗ ಕುಂತ ಸಿಳ್ಳಿ ಹೊಡಿಯಾಂವಾ?" ಎಂದು ಕೋಲೆತ್ತಿದವನು ನನ್ನ ಮುಖ ನೋಡಿ ಕೋಲು ಇಳಿಸಿದ. ನಾನು ತುಟಿಗೆ ಬೆರಳಿಟ್ಟು, "ಕಾಕಾ, ಗಾಲಿ ಹಿಂದ ಒಂದ ಕಲ್ಲ ಇಡ್ರಿ," ಎಂದು ಪಿಸುಗುಟ್ಟಿದೆ. ಅವನು ಹಿಂದಿನ ಸೀಟಿನತ್ತ ನೋಡಿ ಎರಡು ಕಲ್ಲು ತಂದಿಟ್ಟ.

ಶಿವಬಸವ್ವನವರು ಇನ್ನೂ ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದರು. ಆಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕರಡಿಗೆಯಲ್ಲಿಟ್ಟು ಮುಚ್ಚಿದರು. ಮುಚ್ಚಳ ಕೂತ ಟಕ್ ಎಂಬ ಸದ್ದು ಕೇಳಿದ ಮೇಲೆಯೇ ನಾನು ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆದದ್ದು.

ಜಾಗ್ವಾರ್ ಬಂದು ನಿಂತಿತು. ಸಾವಕಾರರು ಇಳಿದು ಬಂದರು. ಅವ್ವ ಅವರಿಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಶಂಕ್ರಾ, ಇದ ಗಾಡಿ ತಗೊ. ಎರಡ ವರ್ಷದ ಮ್ಯಾಲ ದಾರ್ಯಾಗ ಮಧ್ಯಾಹ್ನದ ಪೂಜಾ ಆತು. ಒಂದ ಸಲಾನೂ ಬ್ರೇಕ್ ಹಾಕಲಿಲ್ಲ ನೋಡ ಹಣಮಪ್ಪ. ನೀರಾಗ ತೇಲಿದಂಗ ಆತು." ಅವರ ಕಣ್ಣಲ್ಲಿ ನೀರಿತ್ತು. ರಾಜಕುಮಾರನ ಮುಖ ಹಿಗ್ಗಿತು. ಸಾವಕಾರರು ತಾಯಿಯ ಕೈ ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ನಿಂತರು. ಆ ಖುಷಿಯನ್ನು ನೋಡಿ, ಇಳಿಜಾರಿನಲ್ಲಿ ಆಗಿದ್ದಕ್ಕಿಂತ ದೊಡ್ಡ ಹೆದರಿಕೆ ಆಯಿತು ನನಗೆ. ಮತ್ತೆ ಸುಮ್ಮನಿದ್ದರೆ ಮುಂದಿನ ಅಮವಾಸ್ಯೆಗೂ ಇದೇ ದಾರಿ, ಇದೇ ಗಾಡಿ.

"ಸಾವಕಾರ್ರ," ಎಂದೆ. "ಒಂದ ಸಲ ನೀವ ಒಳಗ ಕುಂತು ಬ್ರೇಕ್ ಒತ್ರಿ."

ಅವರು ನಗುತ್ತಲೇ ಕುಳಿತರು. ಒತ್ತಿದರು. ನಗು ಹೋಯಿತು. ರಾಜಕುಮಾರ, "ಎರಡ ಸಲ ಒತ್ರಿ, ಬರ್ತದ," ಎಂದ. ಹತ್ತು ಸಲ ಒತ್ತಿದರು. ಆಮೇಲೆ ಇಳಿದು ಹೋಗಿ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟರು. ಸೇತುವೆಯ ಕಡೆ ನೋಡುತ್ತಿದ್ದರು.

"ಯಾವಾಗ ಹೋತು?" ಅವ್ವ ಕೇಳಿದರು.

"ದಿನ್ನಿ ಇಳಿಯೂ ಮುಂದ್ರಿ. ನೀವು ಪೂಜಾಕ್ಕ ಕುಂತಿದ್ರಿ."

"ಬೆಳಿಗ್ಗಿ ಚಲೋ ಇತ್ತೇನು?"

"ಮೆತ್ತಗ ಇತ್ರಿ. ನನಗ ಗೊತ್ತಾಗಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನಗತಾರಂತ್ರಿ."

ಕರಡಿಗೆಯ ಮೇಲೆ ಇಟ್ಟುಕೊಂಡಿದ್ದ ಅವರ ಕೈ ಈಗ ನಡುಗುತ್ತಿತ್ತು. ಇಳಿಜಾರಿನಲ್ಲೂ ಅಲುಗದೆ ಇದ್ದ ಕೈ ಅದು. ಅದನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ಬೈಯುತ್ತಾರೆ, ಇವತ್ತಿಗೆ ನನ್ನ ಚಾಕರಿ ಮುಗಿಯಿತು ಎಂದುಕೊಂಡೆ.

"ಇನ್ನ ಮ್ಯಾಲ ನಿನಗ ಹೆದರಿಕಿ ಆದ್ರ ಮೊದಲ ನನಗ ಹೇಳು," ಎಂದರು. "ಯಾರ ನಗತಾರ, ನಾ ನೋಡ್ತೇನಿ."

ರಾಜಕುಮಾರ ಹಂಬರನ್ನು ಲಾರಿಗೆ ಏರಿಸಿ, ಜಾಗ್ವಾರನ್ನು ತಾನೇ ಹೊಡೆದುಕೊಂಡು ಬಾಗಲಕೋಟೆಗೆ ಹೋದ. ಜಾಗ್ವಾರಿನಲ್ಲಿ ಏನೂ ದೋಷವಿರಲಿಲ್ಲ, ಆದರೂ ಅದನ್ನು ಹತ್ತಲು ಯಾರೂ ಸಿದ್ಧರಿರಲಿಲ್ಲ. ನಾವು ಇಲಕಲ್ಲಿಗೆ ಬಂದದ್ದು ಬಾಡಿಗೆ ಟೆಂಪೊದಲ್ಲಿ.

ಮುಂದಿನ ಅಮವಾಸ್ಯೆಗೆ ಮನೆಯ ದೊಡ್ಡ ಗಾಡಿಯನ್ನೇ ತೆಗೆದೆ. ಏಣಿ ಇಟ್ಟು, ಬೈಗುಳ ತಿಂದು, ಅವ್ವನನ್ನು ಹತ್ತಿಸಿದೆ. ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಐಹೊಳೆ ದಾಟಿ ಮಟ್ಟಸವಾದ ಕಡೆ ಬೇವಿನ ಮರ ಕಂಡದ್ದೇ ಅವರೇ, "ನಿಲ್ಲಸು," ಎಂದರು. ನಿಲ್ಲಿಸಿದೆ. ಎಂಜಿನ್ ಬಂದ್ ಮಾಡಿದೆ, ಗೇರಿನಲ್ಲಿ ಬಿಟ್ಟೆ, ಹ್ಯಾಂಡ್‌ಬ್ರೇಕ್ ಎಳೆದೆ, ಇಳಿದು ಹೋಗಿ ಗಾಲಿಗಳ ಹಿಂದೆ ಮುಂದೆ ನಾಲ್ಕು ಕಲ್ಲು ಇಟ್ಟು ಬಂದೆ. ಇಬ್ಬರು ಬೈಕಿನವರು ಬಂದು, "ಏನಾತ್ರೀ?" ಎಂದು ಹಣಿಕಿ ಹಾಕಿದರು. ಕೈಸನ್ನೆ ಮಾಡಿ ಕಳಿಸಿದೆ. ಹಿಂದಿನ ಸೀಟಿನಲ್ಲಿ ಅವರು ಲಿಂಗ ಅಂಗೈಗೆ ತೆಗೆದುಕೊಂಡರು. ಕನ್ನಡಿಯಲ್ಲಿ ಪತ್ರೆ ನೋಡುತ್ತ ಕುಳಿತೆ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತು.

ಅರ್ಧ ತಾಸಾದ ಮೇಲೆ ಕರಡಿಗೆ ಮುಚ್ಚಿದ ಸದ್ದು ಕೇಳಿತು.

"ಕಾಲ ತಗಿ ಹಣಮಪ್ಪ," ಎಂದರು ಅವ್ವ. "ಪೂಜಾ ಮುಗೀತು."

ಆಗ ನೋಡಿಕೊಂಡೆ. ನನ್ನ ಬಲಗಾಲು ಬ್ರೇಕಿನ ಮೇಲೇ ಇತ್ತು.